ಸೆರೆಂಗೆಟಿಯ ಮೇಲೆ ಹಾರಿದ ಪಟ್ಟೆ ವಿಮಾನ

1959ನೆಯ ಇಸವಿ ಜನವರಿ 10ರಂದು, ಪೂರ್ವ ಆಫ್ರಿಕದ ಟಾಂಗನೀಕ ದೇಶದಲ್ಲಿ ಒಂದು ಪುಟ್ಟ ವಿಮಾನ ನೆಲಕ್ಕೆ ಬಿದ್ದಿತು. ಗಾಳಿಯಲ್ಲಿ ತೇಲುತ್ತಿದ್ದ ರಣಹದ್ದೊಂದು ಅದಕ್ಕೆ ಬಡಿದದ್ದೇ ಕಾರಣ. ವಿಮಾನದ ಮೈತುಂಬ ಜೀಬ್ರದಂತೆ ಕರಿ ಬಿಳಿ ಪಟ್ಟೆಗಳನ್ನು ಬಳಿದಿದ್ದರು. ಅದರ ಗುರುತಿನ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಎಂಟೆ’ ಎಂದಾಗುತ್ತಿತ್ತು. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಬಾತುಕೋಳಿ. ಒಬ್ಬನೇ ಕುಳಿತು ಅದನ್ನು ನಡೆಸುತ್ತಿದ್ದ ತರುಣನಿಗೆ ಇನ್ನೂ 25 ವರ್ಷ ತುಂಬಿರಲಿಲ್ಲ. ಅವನ ಹೆಸರು ಮೈಕೇಲ್. ಅವನೂ ಅವನ ತಂದೆ ಬರ್ನ್‌ಹಾರ್ಟ್ ಗ್ಜಿಮೆಕ್ಕರೂ ಸೇರಿ ತೆಗೆಯುತ್ತಿದ್ದ ಚಲನಚಿತ್ರ ಆಗ ಇನ್ನೂ ಮುಗಿದಿರಲಿಲ್ಲ.

ಇಂದು ನೀವು ಮನೆಯಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ಸಿಂಹ, ಚಿರತೆ, ಆನೆಗಳ ಸಂಸಾರವನ್ನು ನೋಡುತ್ತೀರಿ. ನದಿ ದಾಟುವ ವಿಲ್ಡ್‌ಬೀಸ್ಟ್ ಹಿಂಡುಗಳನ್ನು ಕಂಡು ಮಕ್ಕಳು ಕೇಕೆ ಹಾಕುತ್ತಾರೆ. ಹೀಗೆ ಮೃಗವನ್ನು ಕೊಲ್ಲದೆ ನೋಡುವ ಚಟ ಮನುಷ್ಯನಿಗೆ ತೀರ ಹಳೆಯದೇನಲ್ಲ. ನಮ್ಮ ಕಾವ್ಯಗಳನ್ನೇ ತೆಗೆದುಕೊಳ್ಳಿ. ಪಂಪನಲ್ಲಿ ಬೇಟೆಯ ವರ್ಣನೆಯಿದೆ. ರಾಘವಾಂಕನ ಹರಿಶ್ಚಂದ್ರನೂ ಬೇಟೆಗೆ ಹೊರಡುತ್ತಾನೆ. ಹುಲಿ, ಹಂದಿ, ಜಿಂಕೆಗಳ ಚಲನವಲನವನ್ನು ಆ ಕವಿಗಳು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾರೆ, ಆದರೆ ಆ ಕಣ್ಣು ಬೇಟೆಗಾರನದು. ಖಾಂಡವವನವೆಲ್ಲ ಉರಿದುಹೋದಾಗಲೂ ಓದುಗನ ಲಕ್ಷ್ಯ ಹೋಗುವುದು ಅರ್ಜುನನ ಬಾಣಗಳ ಕಡೆಗೇ. ಯುರೋಪಿನವರ ಮಾತೂ ಇದಕ್ಕಿಂತ ಬೇರೆಯಲ್ಲ. ಆಫ್ರಿಕದಿಂದ ಮರಳಿದವರು ಮೊದಲು ತೋರಿಸುತ್ತಿದ್ದುದು ಗೋಡೆಗೆ ತೂಗುಹಾಕಿದ ತಲೆಗಳನ್ನು.

ಗ್ಜಿಮೆಕ್ಕರು 1909ರಲ್ಲಿ ಹುಟ್ಟಿದರು. ಓದಿದ್ದು ಪಶುವೈದ್ಯ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಫ್ರಾಂಕ್‌ಫರ್ಟ್ ನಗರದ ಮೃಗಾಲಯಕ್ಕೆ ನಿರ್ದೇಶಕರಾದರು. ಮೃಗಾಲಯವೆಂಬುದು ಆಗ ಹೆಸರಿಗೆ ಮಾತ್ರ. ಬಾಂಬಿನ ದಾಳಿಯಲ್ಲಿ ಅದು ಬಹುಪಾಲು ಹಾಳಾಗಿತ್ತು. ಊಟಕ್ಕೇ ಕಷ್ಟವಿದ್ದ ಆ ಊರಿನಲ್ಲಿ ಅವರು ಅದನ್ನು ಮತ್ತೆ ತೆರೆದರು, ಮುಂದೆ 1974ರವರೆಗೂ ನಡೆಸಿದರು. ಮೃಗಾಲಯಕ್ಕೆ ಪ್ರಾಣಿಗಳು ಬೇಕೆಂದು ಆಫ್ರಿಕಕ್ಕೆ ಹೋದಾಗ ಅಲ್ಲಿನ ಕಾಡು ಹೇಗೆ ಕರಗುತ್ತಿದೆ ಎಂಬುದು ಅವರ ಕಣ್ಣಿಗೆ ಬಿದ್ದಿತು. ಹಿಡಿದು ತರಲು ಹೋದವರು ಉಳಿಸಬೇಕೆಂಬ ಯೋಚನೆ ಹೊತ್ತು ಬಂದರು. ತಂದೆ ಮಗ ಕೂಡಿ ತೆಗೆದ ಮೊದಲನೆಯ ದೊಡ್ಡ ಚಿತ್ರ 1956ರಲ್ಲಿ ಹೊರಬಂತು. ಅದರ ಹೆಸರನ್ನು ಕನ್ನಡದಲ್ಲಿ ‘ಕಾಡುಮೃಗಗಳಿಗೆ ಎಡೆಯಿಲ್ಲ’ ಎನ್ನಬಹುದು. ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು, ಹಣವೂ ಬಂತು.

ಆ ಹಣದ ಕಥೆ ಕೇಳಬೇಕಾದದ್ದು. ಅದರಿಂದ ಭೂಮಿ ಕೊಂಡು ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಬೇಕೆಂಬುದು ತಂದೆಮಕ್ಕಳ ಆಸೆ. ‘ಸೆರೆಂಗೆಟಿ’ ಎಂಬ ಹೆಸರು ಅಲ್ಲಿನ ಮಸಾಯಿ ಜನರ ಮಾತಿನಿಂದ ಬಂದದ್ದು. ಕೊನೆಯಿಲ್ಲದ ಬಯಲು ಎಂದು ಅರ್ಥ. 1951ರಲ್ಲಿ ಬ್ರಿಟಿಷರು ಅದನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡಿದ್ದರು. ಈಗ ಅದರ ಎಲ್ಲೆಯನ್ನು ತಿದ್ದುವ ಮಾತು ನಡೆದಿತ್ತು. ಉದ್ಯಾನಗಳ ಅಧಿಕಾರಿ ಪೀಟರ್ ಮೊಲಾಯ್ ಬೇರೆ ಸಲಹೆ ಕೊಟ್ಟರು: ನೆಲ ಕೊಳ್ಳುವುದಕ್ಕಿಂತ ಅಲ್ಲಿ ಎಷ್ಟು ಪ್ರಾಣಿಗಳಿವೆ, ವರ್ಷದ ಯಾವ ಕಾಲದಲ್ಲಿ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಕಂಡುಹಿಡಿದರೆ ಹೆಚ್ಚು ಉಪಕಾರವಾದೀತು. ಯಾರಿಗೂ ಸರಿಯಾಗಿ ತಿಳಿಯದ ಲೆಕ್ಕದ ಮೇಲೆ ಗೆರೆ ಎಳೆಯುವುದು ಹೇಗೆ? ಸರಿ, ತಂದೆ ಮಗ ಇಬ್ಬರೂ ವಿಮಾನ ನಡೆಸುವುದನ್ನು ಕಲಿತರು. ತಂದೆಗೆ ಆಗಲೇ ಐವತ್ತು ಸಮೀಪಿಸಿತ್ತು. 1957ರ ಡಿಸೆಂಬರಿನಲ್ಲಿ ಜರ್ಮನಿಯಿಂದಲೇ ಆ ಪಟ್ಟೆ ವಿಮಾನದಲ್ಲಿ ಹೊರಟು ಆಫ್ರಿಕಕ್ಕೆ ಹಾರಿದರು.

ಬಯಲನ್ನು ಪಟ್ಟಿಪಟ್ಟಿಯಾಗಿ ವಿಂಗಡಿಸಿಕೊಂಡು, ತಗ್ಗಿನಲ್ಲಿ ಹಾರುತ್ತ ಕಂಡ ಪ್ರಾಣಿಗಳನ್ನೆಲ್ಲ ಎಣಿಸಿದರು. ಕೆಲವು ಮೃಗಗಳನ್ನು ಹಿಡಿದು ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿಬಿಟ್ಟರು. ಆಮೇಲೆ ಆ ಬಣ್ಣ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನೋಡಿದರೆ ಹಿಂಡಿನ ದಾರಿ ತಿಳಿಯುತ್ತದೆ. ಯಾವ ಹುಲ್ಲು ಎಲ್ಲಿ ಬೆಳೆಯುತ್ತದೆ ಎಂಬುದನ್ನೂ ಬಿಡದೆ ಪರೀಕ್ಷಿಸಿದರು. ಒಟ್ಟು ಲೆಕ್ಕ 3,66,980 ಎಂದು ಬಂತು. ಇದರಲ್ಲಿ ವಿಲ್ಡ್‌ಬೀಸ್ಟ್‌ಗಳೇ ಸುಮಾರು 99 ಸಾವಿರ. ಹಿಂಡುಗಳು ನಡೆಯುವ ದಾರಿ ಅಧಿಕಾರಿಗಳು ಊಹಿಸಿದ್ದ ಎಲ್ಲೆಯನ್ನು ದಾಟಿ ಹೋಗುತ್ತಿತ್ತು. ಆದರೆ ಇವರ ಶೋಧನೆ ಮುಗಿದು ಪುಸ್ತಕವಾಗುವ ಹೊತ್ತಿಗೆ ಸರ್ಕಾರದ ನಿರ್ಣಯ ಆಗಿಹೋಗಿತ್ತು. 1959ರಲ್ಲಿ ಎನ್‌ಗೊರೊಂಗೊರೊ ಪ್ರದೇಶವನ್ನು ಉದ್ಯಾನದಿಂದ ಬೇರ್ಪಡಿಸಿದರು. ಕಚೇರಿಯ ಮೇಜಿನ ಮೇಲೆ ನಕ್ಷೆ ಎಳೆಯುವವರು ಎಲ್ಲ ದೇಶಗಳಲ್ಲೂ ಒಂದೇ ಬಗೆಯವರು.

ಮುಂದೆ ವಿಜ್ಞಾನಿಗಳು ಹೆಚ್ಚು ಕ್ರಮವಾಗಿ ಎಣಿಸಿದಾಗ, 1961ರಲ್ಲೇ ವಿಲ್ಡ್‌ಬೀಸ್ಟ್‌ಗಳು ಎರಡೂವರೆ ಲಕ್ಷದಷ್ಟಿವೆ ಎಂದು ಕಂಡಿತು. ಗ್ಜಿಮೆಕ್ಕರ ಎಣಿಕೆಯಲ್ಲಿ ಬಹಳಷ್ಟು ತಪ್ಪಿಹೋಗಿದ್ದವೆಂದು ತೋರುತ್ತದೆ. ಆದರೆ ನಿಜವಾದ ಆಶ್ಚರ್ಯ ಆಮೇಲಿನದು. 1970ರ ದಶಕದ ಕೊನೆಯ ಹೊತ್ತಿಗೆ ಅದೇ ಸಂಖ್ಯೆ ಹದಿಮೂರು ಲಕ್ಷದ ಆಸುಪಾಸಿಗೆ ಏರಿತು! ಕಾರಣವೇನು? ನಮ್ಮ ಹಳ್ಳಿಗಳ ಹಿರಿಯರಿಗೆ ದನಗಳ ‘ದೊಡ್ಡ ರೋಗ’ ನೆನಪಿರಬಹುದು. ಹಟ್ಟಿ ಹಟ್ಟಿಗಳನ್ನೇ ಬರಿದು ಮಾಡುತ್ತಿದ್ದ ಮಾರಿ ಅದು. ಅದೇ ರೋಗ 1890ರ ಸುಮಾರಿಗೆ ಪೂರ್ವ ಆಫ್ರಿಕವನ್ನು ಹೊಕ್ಕು, ಮಸಾಯಿಗಳ ದನಗಳನ್ನೂ ಕಾಡಿನ ಗೊರಸಿನ ಪ್ರಾಣಿಗಳನ್ನೂ ಒಟ್ಟಿಗೇ ಕೊಂದಿತ್ತು. 1950ರ ದಶಕದಿಂದ ಸುತ್ತಣ ದನಗಳಿಗೆಲ್ಲ ಲಸಿಕೆ ಹಾಕುತ್ತ ಬಂದರು. ದನಗಳಲ್ಲಿ ರೋಗ ನಿಂತಿತು. ಕಾಡಿನ ಕರುಗಳು ಸಾಯುವುದೂ ನಿಂತಿತು. (2011ರಲ್ಲಿ ಈ ರೋಗ ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಿದರು.) ಕಾಡುಮೃಗಗಳ ಸಂತಾನ ಬೆಳೆಸಿದ ಕೀರ್ತಿಯಲ್ಲಿ ದೊಡ್ಡ ಪಾಲು ದನದ ಡಾಕ್ಟರಿಗೆ ಸಲ್ಲಬೇಕು. ಗ್ಜಿಮೆಕ್ಕರೂ ಪಶುವೈದ್ಯರೇ ಅಲ್ಲವೆ!

ಈ ಮಾತನ್ನು ಇಷ್ಟು ಬೆಳೆಸಿದ್ದಕ್ಕೆ ಕಾರಣವಿದೆ. ಅವರ ಚಿತ್ರದಲ್ಲಿ ಮಸಾಯಿಗಳ ದನವೆಂದರೆ ಕಾಡುಮೃಗಗಳ ಹುಲ್ಲು ನೀರು ಕಸಿಯುವ ಪ್ರತಿಸ್ಪರ್ಧಿ. ರಾಷ್ಟ್ರೀಯ ಉದ್ಯಾನದಲ್ಲಿ ಮನುಷ್ಯರು ಯಾರೂ ವಾಸವಾಗಿರಬಾರದು, ಅಲ್ಲಿಯೇ ಹುಟ್ಟಿದವರು ಕೂಡ, ಎಂಬುದು ಗ್ಜಿಮೆಕ್ಕರ ಖಚಿತ ನಿಲುವು. 1958ರಲ್ಲಿ ಮಸಾಯಿ ಹಿರಿಯರಿಂದ ಒಂದು ಒಪ್ಪಂದಕ್ಕೆ ರುಜು ಹಾಕಿಸಿ, ಸೆರೆಂಗೆಟಿಯಲ್ಲಿ ವಾಸಿಸುವ ಹಕ್ಕನ್ನು ಬಿಡಿಸಲಾಯಿತು. ಅವರು ತಮ್ಮ ಹಿಂಡುಗಳೊಡನೆ ಎನ್‌ಗೊರೊಂಗೊರೊ, ಲೋಲಿಯೊಂಡೊ ಕಡೆಗೆ ಹೊರಟುಹೋದರು. ಆ ಬಯಲಿನಲ್ಲಿ ಮೃಗಗಳೊಡನೆ ತಲೆಮಾರುಗಳಿಂದ ಬಾಳಿದವರು, ಬೇಟೆಯಾಡಿ ಹೊಟ್ಟೆ ಹೊರೆಯದವರು ಅವರು. ಕ್ಯಾಮೆರ ಅವರನ್ನು ನೋಡಿತು, ಆದರೆ ಅವರ ಮಾತು ಕೇಳಲಿಲ್ಲ. ಗ್ಜಿಮೆಕ್ಕರ ಸಾಧನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಈ ಒಂದು ವಿಷಯದಲ್ಲಿ ಮಾತ್ರ ಅವರ ಕಣ್ಣು ಮೇಲಿನಿಂದ ಹಾರುವವನ ಕಣ್ಣಾಗಿತ್ತು ಎಂದೇ ಹೇಳಬೇಕು. ಆ ವ್ಯಾಜ್ಯ ಅಲ್ಲಿಗೆ ತೀರಲೂ ಇಲ್ಲ. 2022ರ ಜೂನಿನಲ್ಲಿ ಲೋಲಿಯೊಂಡೊದಲ್ಲಿ ಮತ್ತೆ ಎಲ್ಲೆಯ ಕಲ್ಲು ನೆಡಲು ಬಂದಾಗ ಪೊಲೀಸರಿಗೂ ಮಸಾಯಿಗಳಿಗೂ ಘರ್ಷಣೆಯಾಯಿತು.

ಮಗ ಸತ್ತ ವರ್ಷವೇ ತಂದೆ ಚಿತ್ರವನ್ನು ಮುಗಿಸಿದರು. ಕೀನ್ಯದಲ್ಲಿ ಬೆಳೆದ ಆಲನ್ ರೂಟ್ ಎಂಬ ತರುಣ ಛಾಯಾಗ್ರಾಹಕ ಜೊತೆಗೆ ನಿಂತ. ಮುಂದೆ ವನ್ಯಜೀವಿ ಚಿತ್ರಗಳಲ್ಲಿ ಅವನದೂ ದೊಡ್ಡ ಹೆಸರಾಯಿತು. ‘ಸೆರೆಂಗೆಟಿ ಸಾಯಬಾರದು’ ಎಂಬ ಆ ಚಿತ್ರಕ್ಕೆ 1960ರಲ್ಲಿ ಅಮೆರಿಕದ ಆಸ್ಕರ್ ಬಹುಮಾನ ಬಂದಿತು.

ಇಷ್ಟಕ್ಕೇ ನಿಂತಿದ್ದರೆ ಗ್ಜಿಮೆಕ್ ಒಂದು ಚಿತ್ರದ ಮನುಷ್ಯರಾಗುತ್ತಿದ್ದರು. ಅವರನ್ನು ಜರ್ಮನಿಯ ಮನೆಮನೆಗೆ ಕೊಂಡೊಯ್ದದ್ದು 1956ರಲ್ಲಿ ತೊಡಗಿ ಅವರು ಬದುಕಿರುವವರೆಗೂ ನಡೆದ ಟೆಲಿವಿಷನ್ ಕಾರ್ಯಕ್ರಮ. ಅದರ ಹೆಸರು ‘ಮೃಗಗಳಿಗೊಂದು ಎಡೆ’. ಎಡೆಯಿಲ್ಲ ಎಂದವರೇ ಎಡೆ ಮಾಡಿಕೊಟ್ಟರು ನೋಡಿ. ಬಾನುಲಿಯ ಶ್ರೋತೃಗಳಾದ ನಿಮಗೆ ದನಿಯ ಬೆಲೆ ಗೊತ್ತು. ಗ್ಜಿಮೆಕ್ಕರ ದನಿ ಏರಿಳಿತವಿಲ್ಲದ್ದು, ತುಸು ಮೂಗಿನದು, ಮಾತೂ ನಿಧಾನ. ಯಾವ ವಾಗ್ಮಿಯ ಲಕ್ಷಣವೂ ಅಲ್ಲಿಲ್ಲ. ಆದರೆ ಪಕ್ಕದಲ್ಲೇ ಒಂದು ಚೀತಾವೋ ಮರಿಕೋತಿಯೋ ಮೇಜಿನ ಮೇಲೆ ಓಡಾಡುತ್ತಿತ್ತು. ಅದು ಕಾಗದಗಳನ್ನು ಚೆಲ್ಲಾಡಿದರೂ ಇವರು ಒಂದಿಷ್ಟೂ ವಿಚಲಿತರಾಗದೆ ಮಾತು ಮುಂದುವರಿಸುತ್ತಿದ್ದರು. ಮನೆಯ ಮಕ್ಕಳು ಕೋತಿಗಾಗಿ ಕುಳಿತರೆ ಹಿರಿಯರು ಮಾತಿಗಾಗಿ ಕುಳಿತರು. ಕಾರ್ಯಕ್ರಮದ ಕೊನೆಗೆ ಕಾಡುಪ್ರಾಣಿಗಳಿಗಾಗಿ ಹಣ ಕೇಳುವರು, ಹಣ ಬರುತ್ತಿತ್ತು. ಚಿರತೆಯ ತೊಗಲಿನ ಅಂಗಿ ತೊಡುವ ಶ್ರೀಮಂತ ಹೆಂಗಸರನ್ನು ಬಿಡಲಿಲ್ಲ. ಕೆನಡದಲ್ಲಿ ಸೀಲ್ ಮರಿಗಳನ್ನು ಬಡಿದು ಕೊಲ್ಲುವುದನ್ನು, ತಮ್ಮ ದೇಶದಲ್ಲೇ ಕೋಳಿಗಳನ್ನು ಇಕ್ಕಟ್ಟಿನ ಪಂಜರದಲ್ಲಿ ತುಂಬುವುದನ್ನು ಬಿಡಲಿಲ್ಲ.

ಅವರ ಒಂದು ಉಪಾಯ ಪ್ರಸಿದ್ಧವಾಗಿದೆ. ಇಂತಿಷ್ಟು ಅಗ್ಗದ ದರಕ್ಕೆ ಪೂರ್ವ ಆಫ್ರಿಕದ ಪ್ರವಾಸ ಹೋಗಿಬರಬಹುದೆಂದು ಟೆಲಿವಿಷನ್ನಿನಲ್ಲಿ ಹೇಳಿಬಿಟ್ಟರು. ಅಂಥ ಪ್ರವಾಸವನ್ನು ಆಗ ಯಾರೂ ಏರ್ಪಡಿಸಿರಲೇ ಇಲ್ಲ! ಮರುದಿನ ಜನ ಪ್ರವಾಸದ ಕಚೇರಿಗಳಿಗೆ ಮುತ್ತಿದ ಮೇಲೆ ಆ ವ್ಯಾಪಾರಿಗಳು ಏರ್ಪಡಿಸಲೇಬೇಕಾಯಿತು. ಸುಳ್ಳೇ ಹೌದು. ಆದರೆ ಅವರ ಲೆಕ್ಕ ಬೇರೆ: ಹೊಸದಾಗಿ ಸ್ವತಂತ್ರವಾದ ಬಡ ದೇಶವೊಂದು ಸಿಂಹಕ್ಕಾಗಿ ಇಷ್ಟು ನೆಲ ಬಿಟ್ಟುಕೊಡಬೇಕಾದರೆ, ಸಿಂಹದಿಂದ ಆ ದೇಶಕ್ಕೆ ನಾಲ್ಕು ಕಾಸು ಬರಬೇಕು. ಟಾಂಗನೀಕ 1961ರಲ್ಲಿ ಸ್ವತಂತ್ರವಾಯಿತು. ಅದರ ನಾಯಕ ನ್ಯರೇರೆಯವರು ಅದೇ ವರ್ಷ ಅರುಷ ನಗರದಲ್ಲಿ ವನ್ಯಮೃಗಗಳ ರಕ್ಷಣೆಗೆ ಬದ್ಧರೆಂದು ಘೋಷಿಸಿದರು. ಇಂದು ಆ ದೇಶ ಟಾನ್ಸಾನಿಯ. ಸೆರೆಂಗೆಟಿ ಉದ್ಯಾನ 14 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತಾರದ್ದು.

1987ರ ಮಾರ್ಚ್ 13ರಂದು ಫ್ರಾಂಕ್‌ಫರ್ಟಿನಲ್ಲಿ ಸರ್ಕಸ್ ನೋಡುತ್ತಿದ್ದಾಗ ಗ್ಜಿಮೆಕ್ ಕುಳಿತಲ್ಲೇ ತೀರಿಕೊಂಡರು. ಮಗನನ್ನು ಹೂಳಿದ್ದು ಎನ್‌ಗೊರೊಂಗೊರೊ ಜ್ವಾಲಾಮುಖಿಯ ಕುಳಿಯ ಅಂಚಿನಲ್ಲಿ. ಅಲ್ಲಿ ಕಲ್ಲು ಕೂಡಿಸಿ ಕಟ್ಟಿದ ಚಿಕ್ಕ ಗೋಪುರವೊಂದಿದೆ. ತಂದೆಯ ಬೂದಿಯನ್ನೂ ಅಲ್ಲಿಗೇ ಒಯ್ದು ಇರಿಸಿದರು. ಸೆರೆಂಗೆಟಿಗೆ ಹೋಗುವ ಪ್ರವಾಸಿಗಳು ಅಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾರೆ. ಮಸಾಯಿಗಳ ದನಗಳು ಅದೇ ಬೆಟ್ಟದ ಮೈಯಲ್ಲಿ ಮೇಯುತ್ತಿರುತ್ತವೆ.