ಹೃದಯನಾಳದ ಹರಿವನ್ನು ಎದೆಯ ಹೊರಗಿನಿಂದ ಅಳೆಯುವುದು: ತೊರವಿಯ ಮಹಿಳೆಯರನ್ನು ಮುಂದಿಟ್ಟು ಒಂದು ವಿಚಾರ

ಎದೆನೋವಿನಿಂದ ದಾಖಲಾದವರ ಮನೆಯವರು ವಿಜಯಪುರದ ಕಡೆ ಮೊದಲು ಕೇಳುವುದು ‘ಬ್ಲಾಕ್ ಎಷ್ಟ್ ಪರ್ಸೆಂಟ್ ಐತ್ರಿ ಸರ?’ ಎಂದು. ಹೃದಯಸ್ನಾಯುವಿಗೆ ರಕ್ತ ಸಾಲುತ್ತಿದೆಯೇ ಎಂಬುದನ್ನು ಆ ಅಂಕಿಯೊಂದೇ ಹೇಳಲಾರದು. ನಾಳದ ವ್ಯಾಸ ಸುಮಾರು ಶೇ. 85ರಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಕುಗ್ಗುವುದಿಲ್ಲ, ಗರಿಷ್ಠ ಹರಿವು ಮಾತ್ರ ಅದಕ್ಕಿಂತ ಬಹಳ ಮೊದಲೇ ಇಳಿಯತೊಡಗುತ್ತದೆ ಎಂದು ಹೃದಯತಜ್ಞ ಲ್ಯಾನ್ಸ್ ಗೌಲ್ಡ್ 1974ರಲ್ಲೇ ತೋರಿಸಿದ್ದರು. ಮುಂದೆ ಹೃದಯತಜ್ಞರಾದ ನಿಕೊ ಪೈಲ್ಸ್ ಮತ್ತು ಬರ್ನಾರ್ಡ್ ಡಿ ಬ್ರೂಯ್ನ್ ನಾಳದೊಳಗೆ ತಂತಿ ಇಳಿಸಿ, ಬ್ಲಾಕಿನ ಆಚೆ-ಈಚೆಯ ಒತ್ತಡವನ್ನು ಹೋಲಿಸುವ ವಿಧಾನವನ್ನು ನೆಲೆಗೊಳಿಸಿದರು. 0.80 ಅಥವಾ ಅದಕ್ಕಿಂತ ಕಡಿಮೆ ಅನುಪಾತ ಬಂದರೆ ಆ ಬ್ಲಾಕ್ ಹರಿವನ್ನು ತಡೆಯುತ್ತಿದೆ ಎಂದರ್ಥ. ಇದಕ್ಕೆ ಮಣಿಕಟ್ಟಿನ ಅಥವಾ ತೊಡೆಯ ಧಮನಿಯಿಂದ ನಳಿಕೆ ತೂರಿಸಲೇಬೇಕು.

ನಳಿಕೆ ಬೇಡದ ದಾರಿಗಳೂ ಇವೆ. ಸಿಟಿ ಆಂಜಿಯೋಗ್ರಾಂ ನಾಳದ ಆಕಾರ ತೋರಿಸುತ್ತದೆ. ಅದೇ ಚಿತ್ರದಿಂದ ಕಂಪ್ಯೂಟರ್ ಒತ್ತಡದ ಅನುಪಾತವನ್ನೂ ಲೆಕ್ಕಹಾಕಬಲ್ಲದು. ಆದರೆ ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ದಟ್ಟವಾಗಿದ್ದರೆ ಚಿತ್ರ ಕೆಡುತ್ತದೆ. ಸ್ನಾಯುವಿನ ಹರಿವನ್ನು ಅಳತೆಗೆ ಸಿಗುವಂತೆ ಹೇಳುವುದರಲ್ಲಿ ಪೆಟ್ ಸ್ಕ್ಯಾನ್ ಮುಂದು; ಆದರೆ ಅದಕ್ಕೆ ಬಳಸುವ ನೈಟ್ರೋಜನ್-13 ಅಮೋನಿಯಾದ ಅರ್ಧಾಯುಷ್ಯ ಸುಮಾರು 10 ನಿಮಿಷ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಪಕ್ಕದಲ್ಲೇ ಇರಬೇಕು. ವಿಕಿರಣವಿಲ್ಲದ ಎಂಆರ್‌ಐ ಒಳ್ಳೆಯ ವಿಧಾನ, ವೆಚ್ಚ ಹೆಚ್ಚು.

ನಮ್ಮ ವಿಜಯಪುರ ಜಿಲ್ಲೆಗೆ ಹೆಚ್ಚು ಒಪ್ಪುವುದು ಎದೆಯ ಮೇಲಿನಿಂದಲೇ ಮಾಡುವ ಡಾಪ್ಲರ್ ಎಕೋ ಎಂದು ನನ್ನ ಖಚಿತ ಅಭಿಪ್ರಾಯ. ಎಡ ಮುಂಭಾಗದ ಹೃದಯನಾಳದ ಕೊನೆಯ ಭಾಗ ಎದೆಗೂಡಿಗೆ ಹತ್ತಿರವಿರುವುದರಿಂದ ಅಲ್ಲಿಯ ರಕ್ತದ ವೇಗ ಸಿಗುತ್ತದೆ. ಮೊದಲು ವಿಶ್ರಾಂತಿಯಲ್ಲಿ, ಬಳಿಕ ನಾಳಗಳನ್ನು ಹಿಗ್ಗಿಸುವ ಅಡೆನೋಸಿನ್ ಕೊಟ್ಟು ಅಳೆಯುತ್ತಾರೆ. ವೇಗ ಎರಡು ಪಟ್ಟಿಗಿಂತ ಕಡಿಮೆ ಏರಿದರೆ ಹರಿವಿನ ಮೀಸಲು (ಬೇಕಾದಾಗ ಹರಿವು ಏರಬಲ್ಲ ಸಾಮರ್ಥ್ಯ) ಕುಗ್ಗಿದೆ ಎಂದೇ ತಿಳಿಯಬೇಕು. ಮಿತಿಗಳಿವೆ: ಉಳಿದೆರಡು ಮುಖ್ಯ ನಾಳಗಳು ಸುಲಭವಾಗಿ ಸಿಗವು, ಆಸ್ತಮಾ ಇದ್ದವರಿಗೆ ಈ ಔಷಧ ಅಪಾಯಕರ, ಅಳೆಯುವವರ ಕೈ ಪಳಗಿರಬೇಕು. ದೊಡ್ಡ ನಾಳದ ಬ್ಲಾಕೋ ಸೂಕ್ಷ್ಮನಾಳಗಳ ದೋಷವೋ ಎಂದು ವೇಗದ ಈ ಅನುಪಾತವೊಂದೇ ಬೇರ್ಪಡಿಸದು.

ಆದರೂ ಆಂಜಿಯೋಗ್ರಾಂ ‘ನಾರ್ಮಲ್’ ಬಂದು, ಅಂದರೆ ದೊಡ್ಡ ನಾಳದ ಬ್ಲಾಕ್ ಇಲ್ಲವೆಂದಾಗಿ, ನೋವು ಮಾತ್ರ ನಿಲ್ಲದ ರೋಗಿಗಳಿಗೆ ಇದರ ಬೆಲೆ ದೊಡ್ಡದು. ಅಂಥವರಲ್ಲಿ ಮಹಿಳೆಯರೇ ಹೆಚ್ಚು. ‘ಗ್ಯಾಸ್’ ಎಂದು ಮನೆಗೆ ಕಳಿಸಿದರೆ ಸೂಕ್ಷ್ಮನಾಳಗಳ ಕಾಯಿಲೆ ಪತ್ತೆಯಾಗದೆ ಉಳಿಯುತ್ತದೆ. (ಹಠಾತ್ ಹೃದಯಾಘಾತದಲ್ಲಿ ಈ ಪರೀಕ್ಷೆಗಳಿಗೆ ಕಾಯಕೂಡದು; ಕೂಡಲೇ ಇಸಿಜಿ, ಚಿಕಿತ್ಸೆ.)

ಇಂಥ ಮಹಿಳೆಯರ ಅಧ್ಯಯನಕ್ಕೆ ನಮ್ಮಲ್ಲೇ ಸಂಸ್ಥೆಗಳಿವೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದ ಸಮೀಪದ ತೊರವಿಯಲ್ಲಿದೆ. 1986ರಲ್ಲಿ ಆರಂಭವಾದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ವಿಜಯಪುರ ನಗರದಲ್ಲೇ ಇದೆ. ಎರಡೂ ಕೂಡಿ ತೊರವಿ, ತಿಕೋಟಾ, ಬಬಲೇಶ್ವರ ಭಾಗದ ಮಹಿಳೆಯರಲ್ಲಿ ಈ ಡಾಪ್ಲರ್ ಅಧ್ಯಯನವನ್ನು ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.