ಸ್ವಾಮಿಯ ಮಾವಿನಹಣ್ಣಿನ ಲೆಕ್ಕ

ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಎಂಟೂವರೆ ಅಂದರೆ ಹೋಂವರ್ಕಿನ ಹೊತ್ತು. ಐಟಿಪಿಎಲ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸುಸ್ತಾಗಿ ಬಂದ ಅಪ್ಪ, ಇನ್ನೂ ಲ್ಯಾಪ್‌ಟಾಪ್ ಮುಚ್ಚದ ಅಮ್ಮ, ನಡುವೆ ತೂಕಡಿಸುವ ಮಗು.

ಇದು ಹಳೆಯ ದೃಶ್ಯವೇ. 1935ರಲ್ಲಿ ಬಂದ ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಅಪ್ಪ ಮಗನನ್ನು ಕೂರಿಸಿಕೊಂಡು ಲೆಕ್ಕ ಕೊಡುತ್ತಾನೆ. ಹತ್ತು ಮಾವಿನಹಣ್ಣಿಗೆ ಹದಿನೈದು ಆಣೆ ಬರಬೇಕು, ನಾಲ್ಕು ಹಣ್ಣಿಗೆ ಎಷ್ಟು ಕೊಡಬೇಕು? ಸ್ವಾಮಿಯ ಚಿಂತೆಯೇ ಬೇರೆ: ಹಣ್ಣು ಮಾಗಿದೆಯೋ ಇಲ್ಲವೋ? ಅದು ಗೊತ್ತಾಗದೆ ಬೆಲೆ ಹೇಳುವುದು ಹೇಗೆ? ಅಪ್ಪ ಪಟ್ಟು ಬಿಡುವುದಿಲ್ಲ. ಕೊನೆಗೆ ಆರಾಣೆ ಎಂಬ ಉತ್ತರವೂ ಅಳುವೂ ಒಟ್ಟಿಗೇ ಬರುತ್ತವೆ. (ನಮ್ಮ ತಲೆಮಾರಿಗೆ ಸ್ವಾಮಿ ಎಂದರೆ ಶಂಕರ್‌ನಾಗ್ ಧಾರಾವಾಹಿಯ ಮಾಸ್ಟರ್ ಮಂಜುನಾಥ್ ಮುಖವೇ.) ಅಪ್ಪ ಕೆಟ್ಟವನಲ್ಲ, ಲೆಕ್ಕವೂ ತಪ್ಪಲ್ಲ. ಆದರೆ ಮಗು ಕೇಳಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ.

ನಾರಾಯಣ್ ಸ್ವತಃ ಮೈಸೂರಿನ ಹೆಡ್‌ಮಾಸ್ತರರ ಮಗ. ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾದವರು. ಸ್ವಾಮಿಯ ಅಳು ಅವರನ್ನು ಬಿಡಲಿಲ್ಲವೆಂದೇ ನನ್ನ ಎಣಿಕೆ. ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ, 1989ರ ತಮ್ಮ ಮೊದಲ ಭಾಷಣದಲ್ಲಿ ಅವರು ಮಾತಾಡಿದ್ದು ಸಾಹಿತ್ಯದ ಬಗ್ಗೆ ಅಲ್ಲ, ಮಕ್ಕಳ ಬಗ್ಗೆ. ಆರರಿಂದ ಎಂಟು ಕಿಲೋ ಬ್ಯಾಗ್ ಹೊತ್ತು ಮಕ್ಕಳು ಚಿಂಪಾಂಜಿಗಳ ಹಾಗೆ ಬಾಗಿ ನಡೆಯುತ್ತಿದ್ದಾರೆ, ಬೇಕಿದ್ದರೆ ಸುಗ್ರೀವಾಜ್ಞೆ ತಂದಾದರೂ ಸ್ಕೂಲ್‌ಬ್ಯಾಗನ್ನೇ ರದ್ದು ಮಾಡಿ ಎಂದರು.

ಬ್ಯಾಗು ರದ್ದಾಗಲಿಲ್ಲ, ಸಮಿತಿ ಬಂತು. ಭೌತವಿಜ್ಞಾನಿ ಯಶ್‌ಪಾಲ್ ಅಧ್ಯಕ್ಷತೆಯ ಆ ಸಮಿತಿಯ 1993ರ ವರದಿ ನಾರಾಯಣ್ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಗಿನ ತೂಕಕ್ಕಿಂತ ದೊಡ್ಡ ಹೊರೆ, ಓದಿದ್ದು ಅರ್ಥವಾಗದಿರುವುದು ಎಂದಿತು. ಪ್ರಾಥಮಿಕ ಮಕ್ಕಳಿಗೆ ಮನೆಯ ಸುತ್ತಮುತ್ತ ನೋಡಿ ತಿಳಿಯುವಂಥದ್ದು ಬಿಟ್ಟು ಬೇರೆ ಹೋಂವರ್ಕ್ ಬೇಡ ಎಂದೂ ಹೇಳಿತು. ಸ್ವಾಮಿ ಕೇಳಿದ್ದೂ ಇಂಥದ್ದೇ ಅಲ್ಲವೇ?

ಆಮೇಲಿನದು ಆದೇಶಗಳ ಕತೆ. 2019ರಲ್ಲಿ ಕರ್ನಾಟಕ ಸರ್ಕಾರ ಒಂದು, ಎರಡನೇ ತರಗತಿಗೆ ಹೋಂವರ್ಕ್ ಬೇಡವೆಂದು ಹೇಳಿ, ತರಗತಿವಾರು ಬ್ಯಾಗಿನ ತೂಕ ನಿಗದಿ ಮಾಡಿತು. 2020ರ ಕೇಂದ್ರದ ಸ್ಕೂಲ್‌ಬ್ಯಾಗ್ ನೀತಿಯ ಪ್ರಕಾರ ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಹೋಂವರ್ಕ್. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ.

ನನ್ನ ಮಗಳು ನಾಲ್ಕನೇ ಕ್ಲಾಸು. ಅವಳ ವಾರದ ಎರಡು ಗಂಟೆ ಮಂಗಳವಾರ ರಾತ್ರಿಗೇ ಮುಗಿದಿರುತ್ತದೆ. ಬುಧವಾರದ ಡೈರಿ ಇನ್ನೂ ತೆರೆದಿಲ್ಲ.