ನೀರಿನಡಿಗೆ ಎರಡು ದಾರಿ: ಕ್ಲಬ್ಬೋ, ಕಾರ್ಡೋ?

ಕಳೆದ ತಿಂಗಳು ಹಳಿಯಾಳದಿಂದ ಅಣ್ಣನ ಮಗಳು ಫೋನ್ ಮಾಡಿದ್ಲು. "ಕಾಕಾ, ಸ್ಕೂಬಾ ಕಲೀಬೇಕು. ಕೋರ್ಸ್ ಮಾಡ್ಲೋ, ಕ್ಲಬ್ ಸೇರ್ಲೋ?"

ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಗೊತ್ತು. ನಮ್ಮ ಅಜ್ಜಿಯ ತವರು ಹಳೇ ಸೂಪಾ. ಕಾಳಿ ಮತ್ತು ಪಾಂಢರಿ ಕೂಡುವ ಜಾಗದಲ್ಲಿದ್ದ ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಜನ ರಾಮನಗರದಂಥ ಕಡೆ ಹೊಸ ಬದುಕು ಕಟ್ಟಿಕೊಂಡರು. ಸೂಪಾ ತಾಲ್ಲೂಕು ಈಗ ಜೋಯಿಡಾ. ಹುಡುಗಿಗೆ ಅಜ್ಜಿಯ ಅಂಗಳ ನೋಡುವ ಆಸೆ.

ಅವಳ ಪ್ರಶ್ನೆಗೆ ಇತಿಹಾಸದಲ್ಲೇ ಉತ್ತರ ಇದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಆಕ್ವಾಲಂಗ್ ಮಾಡಿದರು. ಉಪಕರಣ ಬಂತು, ಕಲಿಸೋರು ಯಾರು? 1953ರಲ್ಲಿ ಲಂಡನ್ನಿನಲ್ಲಿ ಆಸ್ಕರ್ ಗುಗೆನ್ ಮತ್ತು ಪೀಟರ್ ಸ್ಮಾಲ್ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಕಟ್ಟಿದರು. ಅಲ್ಲಿ ಹಳಬರು ಹೊಸಬರಿಗೆ ಈಜುಕೊಳದಲ್ಲಿ ಕಲಿಸುತ್ತಿದ್ದರು. ವಂತಿಗೆ ಕೊಡಬೇಕು, ತಿಂಗಳುಗಟ್ಟಲೆ ಹೋಗಬೇಕು, ಆಮೇಲೆ ತಾವೂ ಕಲಿಸಬೇಕು. ಒಂಥರಾ ನಮ್ಮೂರಿನ ಭಜನಾ ಮಂಡಳಿ ಇದ್ದ ಹಾಗೆ.

ಇನ್ನೊಂದು ದಾರಿ ತೆರೆದದ್ದು 1966ರಲ್ಲಿ, ಮುಂಡಗೋಡದಲ್ಲಿ ಟಿಬೆಟನ್ ಕಾಲೊನಿ ಶುರುವಾದ ವರ್ಷ. ಅಮೆರಿಕದಲ್ಲಿ ಡೈವಿಂಗ್ ಉಪಕರಣ ಮಾರುತ್ತಿದ್ದ ಜಾನ್ ಕ್ರೋನಿನ್ ಮತ್ತು ಈಜು ಕಲಿಸುತ್ತಿದ್ದ ರಾಲ್ಫ್ ಎರಿಕ್ಸನ್ ಸೇರಿ ಪ್ಯಾಡಿ ಸಂಸ್ಥೆ ಹುಟ್ಟುಹಾಕಿದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಫೀಸು ಇಟ್ಟು, ಕೊನೆಗೆ ಕಾರ್ಡ್ ಕೊಟ್ಟರು. ಮೊದಲ ಪೂರ್ಣ ಕಾರ್ಡಿನ ಮಿತಿ 18 ಮೀಟರ್ ಆಳ. ಮೂರ್ನಾಲ್ಕು ದಿನದ ಕೆಲಸ.

ನಮ್ಮ ಜಿಲ್ಲೆಯಲ್ಲಿ ಬೆಳೆದದ್ದು ಈ ಎರಡನೇ ದಾರಿ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋದರೆ ಸಾಕು. ಆದರೆ ಒಂದು ಮಾತು. ಅಲ್ಲಿ ಹೆಚ್ಚಿನವರು ಮಾಡೋದು ಬರೀ ರುಚಿ ನೋಡುವ ಡೈವ್. ತರಬೇತುದಾರ ನಮ್ಮನ್ನ ಹಿಡ್ಕೊಂಡೇ ಇರ್ತಾನೆ. ಗಣೇಶಗುಡಿಯಲ್ಲಿ ಒಮ್ಮೆ ರಾಫ್ಟ್ ಹತ್ತಿದವನಿಗೆ ಹುಟ್ಟು ಹಾಕಲು ಬಂತು ಅನ್ನೋಕಾಗುತ್ತಾ? ಇದೂ ಹಾಗೇ. ಕಲಿಯಬೇಕಾದರೆ ಪೂರ್ತಿ ಕೋರ್ಸೇ ಕೇಳಿ ತಗೋಬೇಕು.

ಹಾಗಾದರೆ ಸೂಪಾ? ಅದಕ್ಕೆ ಆ ಕಾರ್ಡೂ ಸಾಲದು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 564 ಮೀಟರ್ ಎತ್ತರ. 300 ಮೀಟರ್ ದಾಟಿದರೆ ಗಾಳಿಯ ಒತ್ತಡ ಕಡಿಮೆ. ಮೇಲೆ ಬರುವಾಗ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುವ ಅಪಾಯ ಜಾಸ್ತಿ, ಲೆಕ್ಕವೇ ಬೇರೆ. ಕೆಳಗೆ ಮುಳುಗಿದ ಕಾಡು, ಮಬ್ಬು ನೀರು. ಅಣೆಕಟ್ಟಿನ ನೀರಿಗೆ ನಮ್ಮಿಷ್ಟಕ್ಕೆ ಇಳಿಯೋ ಹಾಗೂ ಇಲ್ಲ.

ಅವಳಿಗೆ ಹೇಳಿದೆ: "ಕಾರ್ಡ್ ಮುರ್ಡೇಶ್ವರದಲ್ಲಿ ತಗೋ. ಬುದ್ಧಿ ಮಾತ್ರ ಕ್ಲಬ್ಬಿನವರದ್ದು ಇರಲಿ. ಒಬ್ಬಳೇ ಇಳೀಬೇಡ, ನಾಲ್ಕು ಡೈವಿಗೆ ಬಂದುಬಿಡ್ತು ಅನ್ಕೋಬೇಡ." ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮತ್ತೆ ಅಜ್ಜಿ ಅಂಗಳ?" ಅಂದಳು.

ರಾಮನಗರಕ್ಕೆ ಹೋಗೋಣ ಅಂದೆ. ಆ ಅಂಗಳದಲ್ಲಿ ಆಡಿದವರು ಇನ್ನೂ ಕೆಲವರಿದ್ದಾರೆ. ಮೊದಲು ಅವರ ಹತ್ತಿರ ಕೂತು ಕೇಳೋಣ. ನೀರು ಎಲ್ಲೂ ಹೋಗಲ್ಲ.